ಬರಗ್ವೇನ್

“ನಿಮ್ಮಮ್ಮ ಮೂರು ದಿನದಿಂದ ಬರೀ ಬರಗ್ವೇನ್, ಪ್ರೊಫೆಸರ್ರೇ. ಬ್ರೆಟನ್ ಭಾಷೆಯೋ, ತಲೆ ಕೆಟ್ಟಿದೆಯೋ ನನಗೆ ತಿಳೀತಿಲ್ಲ. ತಲೆ ಅಂದ್ರೆ ಇವತ್ತೇ ಹುಚ್ಚಾಸ್ಪತ್ರೆಗೆ ಕಳಿಸ್ಬೇಕು.”

ಡಾಕ್ಟರು ಪೆನ್ನು ತೆರೆದು ಕಾದರು. ಪ್ರೊಫೆಸರ್ ಕೆರ್ಬ್ರಾ ಕನ್ನಡಕ ಒರೆಸಿದ. ಬಡಬಡಿಕೆಗೆ ಫ್ರೆಂಚರು ಹೇಳುವ ಈ ಪದದ ಹುಟ್ಟಿನ ಬಗ್ಗೆಯೇ ಇಪ್ಪತ್ತು ಪುಟ ಬರೆದು ಪ್ಯಾರಿಸ್ಸಿನಲ್ಲಿ ಶಹಬ್ಬಾಸ್ ಅನ್ನಿಸಿಕೊಂಡವನು ಅವನು. ಬ್ರೆಟನ್ನಿನಲ್ಲಿ ಬಾರಾ ಎಂದರೆ ರೊಟ್ಟಿ, ಗ್ವಿನ್ ಎಂದರೆ ವೈನು. ಪಶ್ಚಿಮದ ಕಡಲತೀರದಿಂದ ಬಂದ ಹಸಿದ ಬ್ರೆಟನ್ನರು ಫ್ರೆಂಚರ ಛತ್ರದ ಬಾಗಿಲಲ್ಲಿ ಕೇಳಿದ್ದು ಅಷ್ಟೇ, ಅದೇ ಬಡಬಡಿಕೆಯಾಯಿತು ಎನ್ನುತ್ತಾರೆ. ಅಲ್ಲ ಎನ್ನುವವರೂ ಇದ್ದಾರೆ. ಅಡಿಟಿಪ್ಪಣಿಯಲ್ಲಿ ಅವರಿಗೂ ಜಾಗ ಕೊಟ್ಟಿದ್ದ. ಅವ್ವನ ಹೆಸರು ಎಲ್ಲೂ ಇರಲಿಲ್ಲ.

ಅವ್ವ ದಿಂಬಿಗೊರಗಿ ಅವನನ್ನೇ ನೋಡುತ್ತಿದ್ದಳು.

“ಗುಲ್ವೆನ್, ಬಂದ್ಯಾ ಮಗಾ? ಬಾರಾ ಕೊಡು ಅಂದ್ರೆ ಈ ನರ್ಸು ಹುಡುಗಿ ಕುಂಡಿ ಕೆಳಗೆ ಪಾತ್ರೆ ಇಡ್ತಾಳೆ. ನನ್ನ ಲೇಸಿನ ಟೋಪಿ ಎಲ್ಲಿಟ್ರೋ ಏನೋ. ಬರಿತಲೇಲಿ ಮಲಗಿಸಿದಾರೆ, ಮಾನ ಹೋಯ್ತು ಕಣೋ.”

“ಏನಂತಾರೆ?” ಡಾಕ್ಟರು ಕೇಳಿದರು.

ರೊಟ್ಟಿ ಎಂದರೆ ಮುಗಿಯುತ್ತಿತ್ತು. ಆಮೇಲೆ ‘ಓ, ನಿಮಗೂ ಈ ಭಾಷೆ ಬರುತ್ತಾ?’ ಎಂದು ನರ್ಸು ನಗುತ್ತಾಳೆ. ಅವನ ಕಿವಿ ಆಗಲೇ ಬಿಸಿಯಾಗಿತ್ತು.

ಶಾಲೆಯಲ್ಲಿ ಮನೆಮಾತು ಬ್ರೆಟನ್ ಬಾಯಿತಪ್ಪಿ ಬಂದವರ ಕೊರಳಿಗೆ ಒಡಕು ಮರದ ಮೆಟ್ಟು ಕಟ್ಟುತ್ತಿದ್ದರು. ಇನ್ನೊಬ್ಬನನ್ನು ಹಿಡಿದುಕೊಟ್ಟರೆ ಬಿಡುಗಡೆ. ಸಂಜೆ ಯಾರ ಕೊರಳಲ್ಲಿರುತ್ತದೋ ಅವರಿಗೆ ಬೆತ್ತ. ಒಂದು ದಿನ ಗಂಟೆ ಹೊಡೆಯುವ ಮುಂಚೆ ಅವನು ತಂಗಿಯ ತೋಳು ಜಿಗುಟಿದ್ದ. ಅವಳು ಅವ್ವನನ್ನು ಕರೆದು ಅತ್ತಿದ್ದಳು, ಮನೆಮಾತಿನಲ್ಲೇ. ಮೆಟ್ಟು ಅವಳ ಕೊರಳಿಗೆ ಹೋಯಿತು. ಆ ಸಂಜೆಯ ನಾಚಿಕೆ ಇನ್ನೂ ಆರಿರಲಿಲ್ಲ.

“ಅರ್ಥವಿಲ್ಲ,” ಎಂದ. “ಬರೀ ಬಡಬಡಿಕೆ.”

ಡಾಕ್ಟರು ಬರೆದುಕೊಂಡರು. ಅವ್ವನಿಗೆ ಫ್ರೆಂಚು ಬಾರದು.

“ಹೇಳ್ದ್ಯಾ ಮಗಾ?”

ಅವನು ಹೂಂ ಎಂದು ತಲೆಯಾಡಿಸಿದ. ಅವಳು ನಿರಾಳವಾಗಿ ಉಸಿರು ಬಿಟ್ಟಳು. “ಓದಿದ ಮಗ ಇದ್ರೆ ಎಲ್ಲಾ ಇಷ್ಟು ಸಲೀಸು ನೋಡು,” ಎಂದಳು ನರ್ಸಿಗೆ.

ನರ್ಸು ಹುಚ್ಚಾಸ್ಪತ್ರೆಯ ಹೆಸರು ಬರೆದ ರಟ್ಟಿನ ಚೀಟಿಯನ್ನು ದಾರ ಪೋಣಿಸಿ ಅವಳ ಕೊರಳಿಗೆ ಕಟ್ಟಿದಳು. ಯುದ್ಧ ಮುಗಿದು ಎರಡು ವರ್ಷವಾಗಿದ್ದರೂ ಊರಿನಲ್ಲಿ ಇನ್ನೂ ಪಡಿತರದ ಚೀಟಿ ತೋರಿಸದೆ ರೊಟ್ಟಿ ಸಿಗುತ್ತಿರಲಿಲ್ಲ.

ಅವ್ವ ತೊಡೆಯ ಮೇಲಿನ ಹೊದಿಕೆಯನ್ನು ಮೇಜುಬಟ್ಟೆಯ ಹಾಗೆ ನೀಟಾಗಿ ಸವರಿದಳು. ಚೀಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಬಾಗಿಲ ಕಡೆ ನೋಡುತ್ತ ಕೂತಳು.