ಹದಿನಾಲ್ಕು ದೀಪ, ಒಂದು ಬೋಲ್ಟು

ರಕ್ತನಿಧಿಯ ಹಳೆಯ ವ್ಯಾನನ್ನು ಇಪ್ಪತ್ತೆರಡು ವರ್ಷ ಸಾಕಿದವನು ಅಪ್ಪ. ಆಸ್ಪತ್ರೆಯ ಮೆಕ್ಯಾನಿಕ್ಕು. ಅದೇ ವ್ಯಾನಿನಲ್ಲಿ ಗೇರು ಹಾಕಲು ಕಲಿತ ಮಗಳು ಮುಂದೆ ಅದರ ಡ್ರೈವರಾದಳು. ಅಪ್ಪ ನಿವೃತ್ತನಾದ ವರ್ಷವೇ ಹೊಸ ವ್ಯಾನು ಬಂತು. ಅಪ್ಪ ಅದಕ್ಕೊಂದು ಸುತ್ತು ಹಾಕಿ, ಬಾನೆಟ್ಟು ತಟ್ಟಿ, ಮೂಗು ಮುರಿದ.

"ಇದು ಗಾಡಿಯಲ್ಲ ಕಣೇ, ಚಕ್ರ ಹಾಕಿದ ಮೊಬೈಲು. ನಮ್ಮದು ಕೆಮ್ಮಿದ್ರೆ ಸಾಕು, ಎಲ್ಲಿ ನೋವು ಅಂತ ಗೊತ್ತಾಗ್ತಿತ್ತು."

ಎಂಟು ತಿಂಗಳು ಹೊಸ ವ್ಯಾನು ಒಂದು ದಿನವೂ ಕೈಕೊಡಲಿಲ್ಲ. ಅಪ್ಪ ಮಾತ್ರ ದಿನಾ ಸಂಜೆ, "ಏನು, ಇವತ್ತೂ ನಿಲ್ಲಲಿಲ್ವಾ?" ಎಂದು ಕೇಳುತ್ತಿದ್ದ, ಸ್ವಲ್ಪ ನಿರಾಸೆಯಿಂದಲೇ.

ಒಂದು ಮಧ್ಯಾಹ್ನ ನದಿಯಾಚೆಯ ಹೆರಿಗೆ ಆಸ್ಪತ್ರೆಯಿಂದ ಕರೆ ಬಂತು. ಬಾಣಂತಿಯೊಬ್ಬಳಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ. ಅಪರೂಪದ ಗುಂಪಿನ ಆರು ಚೀಲ ರಕ್ತ ತಕ್ಷಣ ಬೇಕು. ಮಗಳು ನರ್ಸನ್ನು ಕೂರಿಸಿಕೊಂಡು ಹೊರಟಳು. ಸೇತುವೆ ದಾಟಿ ರಸ್ತೆಯುಬ್ಬು ಇಳಿದದ್ದೇ ತಡ, ಎದುರಿನ ಪರದೆಯಲ್ಲಿ ಹದಿನಾಲ್ಕು ಕೆಂಪು ಹಳದಿ ದೀಪಗಳು ಒಟ್ಟಿಗೆ ಹೊತ್ತಿಕೊಂಡವು. ಎಂಜಿನ್ನು ನಿಂತೇಹೋಯಿತು.

"ಬ್ರೇಕು, ಸ್ಟೇರಿಂಗು, ಎಂಜಿನ್ನು... ಎಲ್ಲಾ ಹೋಯ್ತಲ್ಲ ಅಕ್ಕ!" ಎಂದು ನರ್ಸು ಚೀರಿದಳು. ಮಗಳು ಬೇರೆ ಗಾಡಿಗೆ ಫೋನು ಮಾಡಿದಳು. ಬರಲು ಮುಕ್ಕಾಲು ಗಂಟೆಯಂತೆ. ವ್ಯಾನಿನ ಕಂಪನಿಯವರಂತೂ ಎಳೆದೊಯ್ಯುವ ಗಾಡಿಗೆ ಎರಡು ಗಂಟೆ ಎಂದರು. "ಕಂಪ್ಯೂಟರ್ ಹಾಕಿ ನೋಡೋವರೆಗೂ ಏನೂ ಮುಟ್ಟಬೇಡಿ ಮೇಡಂ."

ಮಗಳು ಅಪ್ಪನಿಗೆ ಫೋನು ಹಚ್ಚಿದಳು.

"ಚೋಕ್ ಎಳಿ," ಎಂದ ಅಪ್ಪ.

"ಇದಕ್ಕೆ ಚೋಕೇ ಇಲ್ಲಪ್ಪ."

"ಕಾರ್ಬೊರೇಟರ್ ಬಿಚ್ಚಿ ಊದು."

"ಅದೂ ಇಲ್ಲ."

"ಹಾಗಾದ್ರೆ ನಂಗೆ ಗೊತ್ತಿಲ್ಲಮ್ಮ. ನೀನೇ ನೋಡು."

ಅಪ್ಪ ಆ ಮಾತು ಹೇಳಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಆದರೆ ಅಪ್ಪ ಯಾವ ಗಾಡಿಗೂ ಮೊದಲೇ ಸ್ಪ್ಯಾನರ್ ಹಚ್ಚುತ್ತಿರಲಿಲ್ಲ, ಸುಮ್ಮನೆ ನಿಂತು ಕಿವಿಗೊಡುತ್ತಿದ್ದ. ಅವಳೂ ಹಾಗೇ ಮಾಡಿದಳು. ಕೀಲಿ ತಿರುಗಿಸಿದರೆ ಬರೀ ಟಕ್ ಟಕ್. ಹಾರ್ನು ಒತ್ತಿದಳು; ನೆಗಡಿಯಾದವರ ದನಿ. ವೈಪರ್ ಅರ್ಧ ಏರಿ ನಿಂತಿತು.

"ಒಂದೇ ಏಟಿಗೆ ಹದಿನಾಲ್ಕು ಕೆಡಲ್ಲ ನರ್ಸಮ್ಮ. ಕರೆಂಟೇ ಸರಿಯಾಗಿ ಹರೀತಿಲ್ಲ."

ಬಾನೆಟ್ಟು ಎತ್ತಿ ಬ್ಯಾಟರಿಯ ತಂತಿ ಅಲುಗಿಸಿದಳು. ಬಿಗಿಯಾಗಿತ್ತು. ಕಪ್ಪು ತಂತಿಯನ್ನೇ ಬೆರಳಿನಿಂದ ಹಿಂಬಾಲಿಸುತ್ತ ಹೋದಳು. ಅದು ಗಾಡಿಯ ಮೈಗೆ ಸೇರುವ ಜಾಗದಲ್ಲಿ ಬೋಲ್ಟು ಗಡಗಡ ಎನ್ನುತ್ತಿತ್ತು, ಅಡಿಯಲ್ಲಿ ತುಕ್ಕು. ಸೀಟಿನಡಿಯಿಂದ ತನ್ನದೇ ಸ್ಪ್ಯಾನರ್ ತೆಗೆದು, ಬೋಲ್ಟು ಬಿಚ್ಚಿ, ಸ್ಕ್ರೂಡ್ರೈವರಿನ ತುದಿಯಿಂದ ತುಕ್ಕು ಕೆರೆದು, ಮೈಭಾರವೆಲ್ಲ ಹಾಕಿ ಬಿಗಿದಳು. ಕೀಲಿ ತಿರುಗಿಸಿದಳು. ಎಂಜಿನ್ನು ಒಂದೇ ಸಲಕ್ಕೆ ಎದ್ದಿತು. ದೀಪಗಳು ಒಂದೊಂದಾಗಿ ಆರಿದವು.

ನಿಂತದ್ದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ರಕ್ತ ಹೊತ್ತಿಗೆ ಸರಿಯಾಗಿ ತಲುಪಿತು. ಸಂಜೆ ಡಾಕ್ಟರೇ ಫೋನು ಮಾಡಿ, ತಾಯಿ ಮಗು ಇಬ್ಬರೂ ಕ್ಷೇಮ ಎಂದರು.

ಮನೆಯಲ್ಲಿ ಅಪ್ಪ ಎಲ್ಲವನ್ನೂ ಎರಡೆರಡು ಸಲ ಕೇಳಿಸಿಕೊಂಡ. "ನೋಡಿದ್ಯಾ, ಕೊನೆಗೂ ನಿಲ್ತು ನಿನ್ನ ಮೊಬೈಲು!"

"ಎಂಟು ತಿಂಗಳಿಗೆ ಒಂದೇ ಸಲ. ನಿನ್ನದು ತಿಂಗಳಿಗೆರಡು ಸಲ ನಿಲ್ತಿತ್ತಪ್ಪ. ನೀನು ಜೊತೆಗಿರ್ತಿದ್ದೆ, ಅದಕ್ಕೇ ಯಾರಿಗೂ ಗೊತ್ತಾಗ್ಲಿಲ್ಲ."

ಅಪ್ಪ ಮೀಸೆ ತೀಡಿದ. ಅವನ ಮುಖ ಅರಳಿಬಿಟ್ಟಿತ್ತು.

ಮರುದಿನ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಆಸ್ಪತ್ರೆಗೆ ಬಂದವನು ಕಾವಲುಗಾರನಿಂದ ಹಿಡಿದು ಔಷಧದಂಗಡಿಯವನವರೆಗೆ ಯಾರನ್ನೂ ಬಿಡಲಿಲ್ಲ. "ಕಂಪನಿಯವರೇ ಕೈಚೆಲ್ಲಿದ್ರು, ನಾನೂ ಕೈಚೆಲ್ಲಿದೆ! ನನ್ನ ಮಗಳು ಕಂಡುಹಿಡಿದ್ಲು ಕಣ್ರೀ!" ಮಧ್ಯಾಹ್ನದ ಹೊತ್ತಿಗೆ ಅವನ ಬಾಯಲ್ಲಿ ಹದಿನಾಲ್ಕು ದೀಪ ಇಪ್ಪತ್ತಾಗಿದ್ದವು. ಮಗಳು ತಿದ್ದಲು ಹೋಗಲಿಲ್ಲ.

ಎಲ್ಲರಿಗೂ ಹೇಳಿ ಮುಗಿದ ಮೇಲೆ ಅವನು ವ್ಯಾನು ನಿಲ್ಲಿಸುವ ಶೆಡ್ಡಿಗೆ ಬಂದು ಕನ್ನಡಕ ಏರಿಸಿಕೊಂಡ.

"ಬಾನೆಟ್ಟು ಎತ್ತು. ಆ ಕಪ್ಪು ಡಬ್ಬಿ ಏನು?"

"ಅದು ಇದರ ಮೆದುಳಪ್ಪ."

ಅಪ್ಪ ಬಗ್ಗಿದ. "ಮುಟ್ಟಬಹುದಾ?"

"ಮುಟ್ಟು," ಎಂದಳು ಮಗಳು.