ದಾರಿಗಡ್ಡ ನಿಂತ ಕಾರು

ನಾಲ್ಕು ಜನ ಹೆಗಲು ಕೊಟ್ಟು ತಳ್ಳಿದರೂ ಕಾರು ಕದಲಲಿಲ್ಲ.

"ಇನ್ನೊಂದ್ಸಲ... ಹಾಕಿ ಶಕ್ತಿ!" ಎಂದ ಅವಳ ತಮ್ಮ. ಕಾರು ಒಮ್ಮೆ ನರಳಿತು, ಬೆರಳಿನಷ್ಟು ಮುಂದಕ್ಕೆ ವಾಲಿತು, ಮತ್ತೆ ಹಿಂದೆ ಬಂದು ತನ್ನ ಗುಂಡಿಯಲ್ಲೇ ಕೂತಿತು. ತಮ್ಮ ಮಂಡಿಗೆ ಕೈಕೊಟ್ಟು ಏದುಸಿರು ಬಿಟ್ಟ.

"ಥೇಟ್ ಭಾವನ ಹಾಗೇ. ಬೇಡ ಅಂದ್ರೆ ಬೇಡ," ಅಂದವನು, ಅಂದದ್ದೇನೆಂದು ಹೊಳೆದು ನಾಲಿಗೆ ಕಚ್ಚಿಕೊಂಡು ಬಾಗಿಲ ಕಡೆ ನೋಡಿದ.

ಬಾಗಿಲಲ್ಲಿ ನಿಂತಿದ್ದ ಅವಳಿಗೆ ಬೇಜಾರಾಗಲಿಲ್ಲ. ನಿನ್ನೆ ಮಧ್ಯಾಹ್ನ ಊಟ ಮಾಡಿ ಮಲಗಿದ ಗಂಡ ಕಾಫಿಗೆ ಏಳಲಿಲ್ಲ. ಆಗಿನಿಂದ ಯಾರು ಏನು ಹೇಳಿದರೂ ಅವಳು ಹಾಗೇ ಮಾಡುತ್ತಿದ್ದಳು. ಕೂತ್ಕೋ ಅಂದರೆ ಕೂತಳು, ನೀರು ಕುಡಿ ಅಂದರೆ ಕುಡಿದಳು. ಅತ್ತುಬಿಡಮ್ಮ, ಹಗುರಾಗುತ್ತೆ ಅಂದಾಗ ಮಾತ್ರ ಅದೊಂದು ಬರಲಿಲ್ಲ.

ಮನೆಯ ಬಾಗಿಲಿಂದ ಗೇಟಿಗೆ ಇದ್ದದ್ದು ಎರಡು ಗೋಡೆಗಳ ನಡುವಿನ ಒಂದು ಓಣಿ. ಆ ಓಣಿಯ ತುಂಬ, ಗೇಟಿನ ಕಡೆ ಮುಖ ಮಾಡಿ, ಕಾರು. ನಡೆಯುವವರು ಮೈ ಓರೆ ಮಾಡಿಕೊಂಡು ಹೇಗೋ ದಾಟುತ್ತಿದ್ದರು. ನಾಲ್ಕು ಜನ ಹಿಡಿದ ಸ್ಟ್ರೆಚರ್ ದಾಟುವ ಮಾತೇ ಇರಲಿಲ್ಲ. ಬೀದಿಯಲ್ಲಿ ವ್ಯಾನು ಬಂದು ನಿಂತಿತ್ತು.

"ಹಿತ್ತಲ ಕಡೆಯಿಂದ ಆಗಲ್ವಾ?" ವ್ಯಾನಿನ ಡ್ರೈವರ್ ಕೇಳಿದ.

"ಅಲ್ಲಿ ಕಾಂಪೌಂಡ್ ಗೋಡೆ ಇದೆ. ಮೇಲೆತ್ತಿ ಆಚೆ ಇಳಿಸಬೇಕು," ಎಂದ ತಮ್ಮ.

ಒಳಗಿನಿಂದ ನಾದಿನಿಯ ದನಿ ಬಂತು. "ಏನಂದ್ರಿ? ನಮ್ಮಣ್ಣನ್ನ ಕಳ್ಳನ ಹಾಗೆ ಗೋಡೆ ಹಾರಿಸ್ತೀರಾ?"

ಆಗಲೇ ಬೀದಿಯಲ್ಲಿ ಭಾರದ ಲಾರಿಯೊಂದು ನಿಂತ ಸದ್ದಾಯಿತು. ಗೇಟಿಗೆ ಕೋಲು ತಾಗಿತು, ಟಕ್ ಟಕ್. ಹಿಂದೆಯೇ ದೊಡ್ಡ ಗಂಟಲು.

"ಮೇಷ್ಟ್ರೇ! ಗಂಡಿನ ಕಡೆಯೋರು ಬಂದ್ವಿ! ಹುಡುಗಿ ರೆಡಿನಾ?"

ಕುರುಡರಿಗೆ ಕೋಲು ಹಿಡಿದು ನಡೆಯಲು ಕಲಿಸುವ, ಅಂಧರ ಸಂಘದ ಕೋಲಿನ ಮೇಷ್ಟ್ರು. ಕಪ್ಪು ಕನ್ನಡಕ, ಇಸ್ತ್ರಿ ಮಾಡಿದ ಅಂಗಿ, ಮುಖದ ತುಂಬ ನಗು. ಗೋಡೆ ಸವರಿಕೊಂಡು ಕಾರು ದಾಟಿ ಬಂದರು. ಹೊಸಿಲ ಹತ್ತಿರ ಕೋಲು ಒಂದು ಚಪ್ಪಲಿಗೆ ತಾಗಿತು. ಪಕ್ಕಕ್ಕೆ ಸರಿಸಿದರೆ ಇನ್ನೊಂದು ಜೊತೆ. ಅದರ ಪಕ್ಕ ಬೂಟು, ಮತ್ತೆ ಚಪ್ಪಲಿ. ಕೋಲು ಎಡದಿಂದ ಬಲಕ್ಕೆ ನಿಧಾನವಾಗಿ ಆ ರಾಶಿಯನ್ನೆಲ್ಲ ಮುಟ್ಟಿ ಬಂದು ನಿಂತಿತು. ನಗು ಹೋಯಿತು.

"ಯಾರು?" ಎಂದು ಕೇಳಿದರು.

"ಹೋಗ್ಬಿಟ್ರು ಮೇಷ್ಟ್ರೇ," ಎಂದಳು ಅವಳು. "ನಿನ್ನೆ ಮಧ್ಯಾಹ್ನ. ನಿಮಗೆ ಹೇಳ್ಬೇಕು ಅನ್ನೋದೇ ಹೊಳೀಲಿಲ್ಲ."

*

ಅವಳ ಗಂಡನಿಗೆ ಊರಲ್ಲಿ ಡ್ರೈವಿಂಗ್ ಮೇಷ್ಟ್ರು ಎಂದೇ ಹೆಸರು. ಮಕ್ಕಳಿಲ್ಲ ಅಂತ ಯಾರಾದರೂ ಕನಿಕರಪಟ್ಟರೆ, "ಯಾರು ಹೇಳಿದ್ದು? ಹೊರಗೆ ಹೋಗಿ ನೋಡಿ, ರಸ್ತೆ ತುಂಬ ನನ್ನ ಮಕ್ಕಳೇ ಹಾರ್ನ್ ಹೊಡೀತಿದಾವೆ," ಅನ್ನುತ್ತಿದ್ದರು.

ಕಣ್ಣಿನ ನರ ಒಣಗುತ್ತಿದೆ ಎಂದು ಡಾಕ್ಟರು ಹೇಳಿದ್ದನ್ನು ಅವರು ಮನೆಯಲ್ಲಿ ಬಾಯಿಬಿಡಲಿಲ್ಲ. ಅನ್ನದ ತಟ್ಟೆಯ ಪಕ್ಕ ಕೈ ಇಡುವುದು, ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಳ್ಳುವುದು ಅವಳ ಕಣ್ಣಿಗೆ ಬಿದ್ದಿತ್ತು. ಕೇಳಿದರೆ "ವಯಸ್ಸಾಯ್ತಲ್ವೇ" ಎಂದು ಹಾರಿಸಿಬಿಡುತ್ತಿದ್ದರು. ಒಂದು ದಿನ ಕಲಿಯಲು ಬಂದಿದ್ದ ನರ್ಸ್ ಹುಡುಗಿಗೆ "ಹೋಗಮ್ಮ, ಹೋಗು, ದಾರಿ ಖಾಲಿ ಇದೆ" ಎಂದು ಹುರಿದುಂಬಿಸುತ್ತಿದ್ದಾಗ ಆ ಹುಡುಗಿ ಕಿಟಾರನೆ ಕಿರುಚಿ ಬ್ರೇಕ್ ಒತ್ತಿದಳು. ಮುಂದೆ ಒಬ್ಬಳು ಮುದುಕಿ ರಸ್ತೆ ದಾಟುತ್ತಿದ್ದಳು. ಮುದುಕಿಗೆ ಏನೂ ಆಗಲಿಲ್ಲ.

ಆ ಹುಡುಗಿಯ ಕೈಲೇ ಕಾರನ್ನು ಹಿಮ್ಮುಖವಾಗಿ ಓಣಿಯೊಳಗೆ ತರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಒಳಗೆ ಬಂದು "ಇವತ್ತಿಗೆ ಸಾಕು" ಎಂದರು. ಅಷ್ಟೇ. ಕಾರು ಅಲ್ಲಿಂದ ಆಚೆ ಬರಲಿಲ್ಲ. ಮಾರಲು ಬಿಡಲಿಲ್ಲ. ಎರಡೆರಡು ಕಡೆ ಪೆಡಲ್ ಇರುವ ಆ ಹಳೆ ಡಬ್ಬವನ್ನು ಕೊಳ್ಳುವವರೂ ಬರಲಿಲ್ಲ.

ಸಂಘದಿಂದ ಕೋಲಿನ ಮೇಷ್ಟ್ರು ಮೊದಲ ಸಲ ಬಂದ ದಿನ ಜಗಳವೇ ಆಯಿತು.

"ನೋಡಪ್ಪ, ನಾನು ಊರಿಗೆ ಗಾಡಿ ಕಲಿಸಿದೋನು. ನೀನು ನನಗೆ ನಡೆಯೋದು ಕಲಿಸ್ತೀಯಾ?"

"ಕಲಿಸ್ತೀನಿ ಸಾರ್. ಬದಲಿಗೆ ನೀವು ನನಗೆ ಗಾಡಿ ಕಲಿಸಿ. ಹುಟ್ಟಿದಾಗಿಂದ ಹಿಂದಿನ ಸೀಟಲ್ಲೇ ಕೂತು ಸಾಕಾಗಿದೆ."

ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಕಣ್ಣು ಹೋದ ಮೇಲೆ ಅವರು ಹಾಗೆ ನಕ್ಕಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಅಂದಿನಿಂದ ವಾರಕ್ಕೊಮ್ಮೆ ಇಬ್ಬರೂ ಬೀದಿಯಲ್ಲಿ ಕೋಲು ಹಿಡಿದು ಒಂದು ಸುತ್ತು ಬಂದು, ಆಮೇಲೆ ನಿಂತ ಕಾರಿನಲ್ಲಿ ಕೂರುತ್ತಿದ್ದರು. ಅಡಿಗೆಮನೆಗೆ ಎಲ್ಲ ಕೇಳಿಸುತ್ತಿತ್ತು.

"ಕ್ಲಚ್ ನಿಧಾನಕ್ಕೆ ಬಿಡೋ. ಹಾಂ, ಮೂರನೇ ಗೇರು. ನಾಯಿ ಅಡ್ಡ ಬಂತು, ಬ್ರೇಕ್! ಅಯ್ಯೋ, ಹೋಯ್ತು ನಾಯಿ."

"ನೋಡ್ಕೊಂಡು ಹೇಳ್ಬಾರ್ದಾ ಸಾರ್!"

ಇಬ್ಬರು ಕುರುಡರೂ ಓಣಿ ಹಾರಿಹೋಗುವ ಹಾಗೆ ನಗುತ್ತಿದ್ದರು. ಅವಳು ಬೇಳೆ ಆರಿಸುತ್ತ, ನಿಮಗೆ ಬೇರೆ ಕೆಲಸ ಇಲ್ಲ ಎಂದು ಒಳಗಿನಿಂದಲೇ ಗೊಣಗುತ್ತಿದ್ದಳು.

*

"ನೋಡಬಹುದಾ?" ಎಂದು ಕೋಲಿನ ಮೇಷ್ಟ್ರು ಕೇಳಿದರು.

ಅವಳು ಮೊಣಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಅವರು ಮಂಡಿಯೂರಿ, ಕನ್ನಡಕ ತೆಗೆದು ಜೇಬಿಗಿಟ್ಟು, ಗಂಡನ ಹಣೆ, ಮೂಗು, ತುಟಿಗಳ ಮೇಲೆ ಬೆರಳಾಡಿಸಿದರು. ದವಡೆಯ ಕೆಳಗೆ ಬೆರಳು ನಿಂತಿತು. ಬೆಳಿಗ್ಗೆ ಕ್ಷೌರ ಮಾಡಿದವನು ಅಲ್ಲೊಂದಿಷ್ಟು ಗಡ್ಡ ಬಿಟ್ಟಿದ್ದ. ತಾನು ಮುಖ ತೊಳೆಸಿದಾಗ ಅದು ಕಾಣಲೇ ಇಲ್ಲವಲ್ಲ ಎಂದುಕೊಂಡಳು ಅವಳು. ಅಷ್ಟೇ ಅನ್ನಿಸಿತು, ಅದರ ಮುಂದೆ ಏನೂ ಅನ್ನಿಸಲಿಲ್ಲ.

"ಲಾರಿ ಯಾಕೆ ಬಂದಿದೆ?" ತಮ್ಮ ಬಾಗಿಲಿಂದ ಕೇಳಿದ.

"ಕಾರಿಗೆ. ಹಳೆ ಗಾಡಿಗಳನ್ನ ಸಂಘಕ್ಕೆ ಕೊಟ್ರೆ, ನಾವು ಮಾರಿ ಅದರಲ್ಲಿ ಕುರುಡು ಮಕ್ಕಳಿಗೆ ಕೋಲು, ಓದಿ ಹೇಳೋ ಯಂತ್ರ ಕೊಡಿಸ್ತೀವಿ. ಮೇಷ್ಟ್ರೇ ಫೋನ್ ಮಾಡಿ ಇವತ್ತು ಬಾ ಅಂದಿದ್ರು." ಮುಖವನ್ನು ಅವಳ ಕಡೆಗೆ ತಿರುಗಿಸಿದರು. "ನಿಮಗೆ ಹೇಳಿರಲಿಲ್ವಾ ಅಮ್ಮ?"

"ಇಲ್ಲ."

ನಾದಿನಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ನೋಡಿ, ನೀವು ಒಳ್ಳೆಯವರೇ ಇರಬಹುದು. ಆದ್ರೆ ಹೆಣ ಇನ್ನೂ ಮನೇಲಿದೆ. ನಮ್ಮಣ್ಣನ ಜೀವ ಇದ್ದಿದ್ದೇ ಆ ಕಾರಲ್ಲಿ. ಅದನ್ನ ಇವತ್ತೇ ಎಳ್ಕೊಂಡು ಹೋಗೋದು ಅಂದ್ರೆ! ಅತ್ತಿಗೆ, ನೀವಾದ್ರೂ ಒಂದು ಮಾತಾಡಿ."

"ನನ್ನ ಹತ್ರ ಒಂದು ಮಾತು ಅಂದಿದ್ರು," ಎಂದರು ಕೋಲಿನ ಮೇಷ್ಟ್ರು, ಕೇಳಿಯೂ ಕೇಳದವರಂತೆ. "ಯಾಕೆ ಸಾರ್ ಈಗ ಅಂತ ಕೇಳ್ದೆ. 'ಅವಳು ತರಕಾರಿ ಚೀಲ ಹಿಡ್ಕೊಂಡು ದಿನಾ ಮೈ ತರಚ್ಕೋತಾಳಪ್ಪ. ಅದೂ ಅಲ್ದೆ, ನನ್ನ ಹೊರಗೆ ತರೋರಿಗೆ ದಾರಿ ಬೇಡ್ವಾ?' ಅಂದು ನಕ್ಕರು. ನಾನೂ ನಕ್ಕೆ."

ನಾದಿನಿ ಮತ್ತೆ ಕೂತುಬಿಟ್ಟಳು.

"ಎರಡು ದಿನ ಬಿಟ್ಟು ಬರ್ತೀವಿ ಅಮ್ಮ," ಎಂದರು ಅವರು, ಏಳುತ್ತ.

"ಬೇಡ," ಎಂದಳು ಅವಳು. ನಿನ್ನೆಯಿಂದ ಅವಳು ತಾನಾಗೇ ನಿರ್ಧರಿಸಿ ಆಡಿದ ಮೊದಲ ಮಾತು ಅದು. "ಈಗಲೇ ತಗೊಂಡು ಹೋಗಿ. ಅದು ಹೋಗದೆ ಇವರು ಹೋಗೋಕಾಗಲ್ಲ."

*

ಮದುವೆಯಾದ ಹೊಸದರಲ್ಲಿ ಒಮ್ಮೆ ಅವಳಿಗೂ ಕಲಿಸಲು ನೋಡಿದ್ದರು. ಪೇಟೆಯ ನಾಲ್ಕು ರಸ್ತೆ ಕೂಡುವಲ್ಲಿ ಇಂಜಿನ್ ನಿಂತುಹೋಯಿತು. ಹಿಂದೆ ಬಸ್ಸು, ಅದರ ಹಿಂದೆ ಇನ್ನೊಂದು ಬಸ್ಸು. ಸಾವಿರ ಜನರಿಗೆ ತಾಳ್ಮೆಯಿಂದ ಕಲಿಸಿದ ಮನುಷ್ಯ ಅವಳ ಮೇಲೆ ಕೂಗಾಡಿಬಿಟ್ಟರು. ಅವಳು ಬಾಗಿಲು ತೆಗೆದು ಇಳಿದು, ಬಸ್ಸುಗಳ ನಡುವೆ ನುಸುಳಿ, ಮನೆಗೆ ನಡೆದೇ ಬಂದಳು.

"ದೀಪದ ಬುಡ ಕತ್ತಲೆ," ಎಂದು ಊರವರು ತಮಾಷೆ ಮಾಡಿದರು. ಅವರು ಮತ್ತೆ ಕರೆಯಲಿಲ್ಲ, ಅವಳು ಮತ್ತೆ ಕೇಳಲಿಲ್ಲ. ಆಮೇಲೆ ಎಲ್ಲಿಗೆ ಹೋದರೂ ಪಕ್ಕದ ಸೀಟು. ಅಲ್ಲೂ ಮೇಷ್ಟ್ರ ಪೆಡಲ್‌ಗಳು. ಅಪ್ಪಿತಪ್ಪಿ ಕಾಲು ತಾಗೀತೆಂದು ಅವಳು ಬದುಕಿನುದ್ದಕ್ಕೂ ಆ ಕಾರಿನಲ್ಲಿ ಕಾಲು ಮಡಚಿಕೊಂಡೇ ಕೂತಳು.

*

ಲಾರಿಯವನು ಕೆಲಸ ಬಲ್ಲವನು. ಚಕ್ರಗಳಿಗೆ ಗಾಳಿ ತುಂಬಿ, ಬ್ರೇಕ್ ಕಚ್ಚಿಕೊಂಡಿದ್ದ ಕಡೆ ಸುತ್ತಿಗೆಯಿಂದ ನಾಲ್ಕು ಬಿಟ್ಟು, ಕಬ್ಬಿಣದ ಹಗ್ಗದ ಕೊಕ್ಕೆಯನ್ನು ಮುಂದೆ ಸಿಕ್ಕಿಸಿದ. "ಯಾರಾದ್ರೂ ಒಬ್ರು ಒಳಗೆ ಕೂತು ಸ್ಟೀರಿಂಗ್ ಹಿಡೀಬೇಕು. ಇಲ್ಲಾಂದ್ರೆ ಗೋಡೆಗೆ ಹೊಡೆಯುತ್ತೆ."

ತಮ್ಮ ಮುಂದೆ ಬಂದ. ಗೋಡೆ ಅಡ್ಡವಾಗಿ ಬಾಗಿಲು ಅರ್ಧವೇ ತೆರೆಯುತ್ತಿತ್ತು. ಉಸಿರು ಹಿಡಿದ, ಅಡ್ಡಡ್ಡ ತಿರುಗಿದ, ಹೊಟ್ಟೆ ಒಳಗೆಳೆದುಕೊಂಡ. ಕಾಲು ಹೋಯಿತು, ಹೊಟ್ಟೆ ಹೋಗಲಿಲ್ಲ. ವ್ಯಾನಿನ ಡ್ರೈವರ್ ಬೇರೆ ಕಡೆ ಮುಖ ತಿರುಗಿಸಿ ನಗು ನುಂಗಿಕೊಂಡ.

"ಸರಿ, ನಾನು ಕೂತ್ಕೋತೀನಿ," ಎಂದಳು ಅವಳು.

"ಅಕ್ಕಾ, ನಿನಗೆಲ್ಲಿ ಬರುತ್ತೆ?"

"ಕೂತ್ಕೊಳ್ಳೋಕೆ ಬರುತ್ತೆ."

ಸೀರೆ ಒತ್ತಿಹಿಡಿದು ನುಸುಳಿದಳು. ಒಳಗೆ ಅವರ ವಾಸನೆ ಇರಬಹುದು ಎಂದುಕೊಂಡಿದ್ದಳು. ಇರಲಿಲ್ಲ, ಬರೀ ಬಿಸಿಲಿಗೆ ಕಾದ ರೆಕ್ಸಿನ್, ಹಳೆ ರಬ್ಬರು. ಎರಡೂ ಕೈ ಚಕ್ರದ ಮೇಲಿಟ್ಟಳು. ಆ ಕೈಗಳು ತನ್ನವೆಂದೇ ಅನ್ನಿಸಲಿಲ್ಲ.

"ನಾನು ಹೇಳಿದಾಗ ಮಾತ್ರ ತಿರುಗಿಸಿ ಅಮ್ಮಾ!" ಲಾರಿಯವನು ಕೂಗಿದ.

ಹಗ್ಗ ಬಿಗಿಯಾಯಿತು. ಕೆಳಗೆ ಏನೋ ಲಟಕ್ಕೆಂದಿತು, ಕಾರು ಗುಂಡಿಯಿಂದ ಎದ್ದು ಉರುಳತೊಡಗಿತು. ಕೋಲಿನ ಮೇಷ್ಟ್ರು ಡಿಕ್ಕಿಯ ಮೂಲೆಗೆ ಅಂಗೈ ಇಟ್ಟು ಗೋಡೆಯ ಪಕ್ಕಕ್ಕೇ ನಡೆದು ಬಂದರು. ಹಿಂದೆ, ಮನೆಯೊಳಗೆ, ಯಾರೋ "ಎತ್ತಿ, ಈಗ ಎತ್ತಿ" ಎಂದರು. ನಾದಿನಿಯ ಅಳು ಒಮ್ಮೆಗೇ ಮೇಲೆದ್ದಿತು.

ಅವಳ ತಲೆಯ ಮೇಲಿದ್ದ ಕನ್ನಡಿ ಕಾರಿನ ಚಾವಣಿಯನ್ನು ತೋರಿಸುತ್ತಿತ್ತು. ಒಂದು ಕೈ ಬಿಟ್ಟು ಅದನ್ನು ಕೆಳಕ್ಕೆ ತಿರುಗಿಸಿದಳು. ಮೊದಲು ಗೋಡೆ ಕಂಡಿತು, ಆಮೇಲೆ ಬಾಗಿಲು. ಸ್ಟ್ರೆಚರಿನ ಒಂದು ತುದಿ ಹಿಡಿದು ತಮ್ಮ ಬಾಗಿಲಿಂದ ಇಳಿದ. ಬಿಳಿ ಬಟ್ಟೆಯೊಳಗೆ ಎರಡು ಪಾದಗಳ ಗುರುತು ಕಂಡಿತು. ಕಾರು ಎಷ್ಟು ನಿಧಾನಕ್ಕೆ ಸರಿಯುತ್ತಿತ್ತೋ ಅಷ್ಟೇ ನಿಧಾನಕ್ಕೆ ಅವರೂ ಬಂದರು.

"ಎಡಕ್ಕೆ ಅಮ್ಮಾ, ಒಂಚೂರು ಎಡಕ್ಕೆ! ಮುಂದೆ ನೋಡಿ, ಮುಂದೆ!"

ಕನ್ನಡಿಯಿಂದ ಕಣ್ಣು ಕೀಳದೆ ಅವಳು ಚಕ್ರವನ್ನು ಎಡಕ್ಕೆ ತಿರುಗಿಸಿದಳು. ಕಾರು ಗೋಡೆಗೆ ತಾಗದೆ ಗೇಟು ದಾಟಿತು. ಹಿಂದೆ ಅವರು ಬರುತ್ತಿದ್ದರು.