ದೊಡ್ಡೋನು ಇಲ್ವಾ?

ಲಾಳ ಹೊಡೆಯುವವನು ಎರಡನೇ ಸಲ ಕೈ ಚಾಚಿದ; ಕುದುರೆಮರಿ ಎರಡನೇ ಸಲವೂ ಕಚ್ಚಿತು.

“ಅಯ್ಯಯ್ಯೋ, ಇದರ ಮನೆ ಹಾಳಾಗ!” ಎಂದು ಆತ ತೋಳು ಹಿಡಿದುಕೊಂಡು ಹಿಂದೆ ಸರಿದ. ಸಾವಾದ ಮನೆಯಲ್ಲಿ ಹಾಗನ್ನಬಾರದಿತ್ತೆಂದು ಹೊಳೆದು ನಾಲಿಗೆ ಕಚ್ಚಿಕೊಂಡ.

ಒಳಗೆ ಹಜಾರದಲ್ಲಿ ಹೆಣ ಹೊರಡಲು ಸಿದ್ಧವಾಗಿತ್ತು. ಜನ ಕಂಡು ಬೆದರಿ ಲಾಯದಿಂದ ತಪ್ಪಿಸಿಕೊಂಡ ಮರಿ ಅಂಗಳದ ಹೊರಬಾಗಿಲಿಗೆ ಅಡ್ಡ ನಿಂತುಬಿಟ್ಟಿತ್ತು. ಯಾರು ಹತ್ತಿರ ಹೋದರೂ ಕಿವಿ ಹಿಂದಕ್ಕೆ ಮಡಚಿ ಹಿಂಗಾಲು ಝಾಡಿಸುತ್ತಿತ್ತು. ಸತ್ತವನು ಜೀವಮಾನವಿಡೀ ಮಾಡಿದ್ದು ಒಂದೇ ಕೆಲಸ: ಎಳೆಯ ಕುದುರೆಮರಿಗಳಿಗೆ ಮರ್ಯಾದೆ ಕಲಿಸುವುದು. ಕಚ್ಚಬಾರದು, ಒದೆಯಬಾರದು, ಹಗ್ಗ ತೋರಿಸಿದರೆ ತಲೆ ಕೊಡಬೇಕು, ಕಾಲು ಮುಟ್ಟಿದರೆ ಗೊರಸು ಎತ್ತಬೇಕು, ನಿಲ್ಲು ಅಂದರೆ ನಿಲ್ಲಬೇಕು. ಇದು ಅವನ ಕೊನೆಯ ಶಿಷ್ಯ.

ಅವನ ತಮ್ಮ ಗೋಡೆಗೆ ಒರಗಿ ಎಲ್ಲ ನೋಡುತ್ತಿದ್ದ. ಅಳಬೇಕಾದ ಹೊತ್ತು, ನಿಜ. ಆದರೆ ಒಳಗೊಳಗೇ ಅವನಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ನೋಡ್ರಪ್ಪಾ, ನಿಮ್ಮ ದೊಡ್ಡೋನು ಕಲಿಸಿದ ಮರ್ಯಾದೆ!

“ಆತನ ಕೈ ಬಿಟ್ಟು ಬೇರೆ ಕೈಗೆ ಬಗ್ಗಲ್ಲ ಕಣ್ರೀ ಇದು,” ಎಂದ ಮರಿಯ ಮಾಲೀಕ. “ಅಂಥ ಕೈ ಇನ್ನೆಲ್ಲಿಂದ ತರೋಣ?”

ಸಂತೋಷ ಅಲ್ಲಿಗೆ ಮುಗಿಯಿತು. ಮರಿ ಕಚ್ಚಿದರೂ ಹೊಗಳಿಕೆ ಅಣ್ಣನಿಗೇ! ಅದೇ ಕೆಲಸ, ಅದೇ ಲಾಯ, ಕೂದಲು ನೆರೆಯುವ ತನಕ ದುಡಿದ ತಮ್ಮನೊಬ್ಬ ಇಲ್ಲೇ ಕಂಬದ ಹಾಗೆ ನಿಂತಿದ್ದಾನೆ. ಒಬ್ಬನಾದರೂ ಇತ್ತ ತಿರುಗಬಾರದೇ?

*

ತಮ್ಮ ಎಡಚ. ಕುದುರೆಯನ್ನು ಎಲ್ಲರೂ ಹಿಡಿಯುವುದು ಅದರ ಎಡಗಡೆ ನಿಂತು, ಬಲಗೈಯಲ್ಲಿ. ಮರಿಗಳಿಗೂ ಅದೇ ರೂಢಿ. ಇವನು ತನಗೆ ಅನುಕೂಲವೆಂದು ಬಲಗಡೆಯಿಂದ ಹೋದರೆ ಬೆಚ್ಚುತ್ತಿದ್ದವು. ಎಡಗಡೆಯಿಂದ ಹೋದರೆ ಇವನ ಬಲಗೈ ತಡವರಿಸುತ್ತಿತ್ತು, ಅದು ಅವಕ್ಕೆ ಗೊತ್ತಾಗಿಬಿಡುತ್ತಿತ್ತು. ಅಪ್ಪ ಇವನ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಯೂ ನೋಡಿದ್ದ. ಬಿಚ್ಚಿದವನು ಅಣ್ಣ. ಅದಕ್ಕೂ ಇವನಿಗೆ ಸಿಟ್ಟು: ಒಳ್ಳೆಯವನು ಅನ್ನಿಸಿಕೊಳ್ಳುವುದೂ ಅವನ ಪಾಲಿಗೇ ಹೋಯಿತಲ್ಲ!

ಅಪ್ಪನ ಕಾಲ ಮುಗಿದ ಮೇಲೆ ಮರಿ ಹಿಡಿದು ತಂದವರು ಬಾಗಿಲಲ್ಲಿ ಇವನನ್ನು ಕಂಡು ಕೇಳುತ್ತಿದ್ದುದು ಒಂದೇ ಮಾತು.

“ದೊಡ್ಡೋನು ಇಲ್ವಾ?”

ಚಿಕ್ಕೋನ ಪಾಲಿಗೆ ಹುಲ್ಲು ಹಾಕುವುದು, ಲದ್ದಿ ಎತ್ತುವುದು ಉಳಿಯಿತು.

ಈ ಕೊನೆಯ ಮರಿ ಬಂದಾಗಂತೂ ಅಣ್ಣ ಲಾಯದ ಕದವನ್ನೇ ಹಾಕಿಕೊಳ್ಳತೊಡಗಿದ. ಆಗಲೇ ಅವನಿಗೆ ಕೆಮ್ಮು, ಏದುಸಿರು.

“ನಾನೂ ಬರ್ಲಾ ಅಣ್ಣ?”

“ಬೇಡ ಕಣೋ. ಆಮೇಲೆ ನೋಡುವಂತೆ.”

ವಿದ್ಯೆ ಬಚ್ಚಿಟ್ಟುಕೊಂಡೇ ಹೋಗ್ತೀಯಾ, ಹೋಗು! ಎಂದು ತಮ್ಮ ಮನಸ್ಸಿನಲ್ಲೇ ಬೈದಿದ್ದ. ಅಣ್ಣ ಹೋಗಿಯೇಬಿಟ್ಟ.

*

“ಹೊತ್ತಾಗ್ತಿದೆ,” ಎಂದ ಮಾಲೀಕ. “ನಾಲ್ಕು ಜನ ಸೇರಿ ಕುತ್ತಿಗೆಗೆ ಹಗ್ಗ ಬಿಗಿದು ಎಳೆದ್ರಾಯ್ತು.”

ತಮ್ಮನಿಗೆ ರೇಗಿತು. “ಆಚೆ ಸರೀರಿ ಎಲ್ರೂ! ಎಳೆಯೋದಂತೆ, ಬಿಗಿಯೋದಂತೆ!”

ಹಗ್ಗ ಕಿತ್ತುಕೊಂಡು ಹೊರಟ. ಕಚ್ಚಿದರೆ ಕಚ್ಚಲಿ. ಈ ಒಂದು ಕೆಲಸ ಇವತ್ತು ತನ್ನಿಂದ ಆಗಲೇಬೇಕು, ಇಷ್ಟು ಜನರ ಎದುರು. ಆ ಆವೇಶದಲ್ಲಿ ರೂಢಿ ಮರೆತು ಬಲಗಡೆಯಿಂದಲೇ ಹೋದ.

“ಏಯ್, ಆ ಕಡೆಯಿಂದ ಬೇಡ ಮಾರಾಯ, ಒದ್ದುಬಿಡುತ್ತೆ!” ಎಂದು ಲಾಳದವನು ಕೂಗಿದ.

ಮರಿ ಒದೆಯಲಿಲ್ಲ. ಕಿವಿ ಮುಂದಕ್ಕೆ ತಂದಿತು. ಅವನ ಎಡಗೈಯಲ್ಲಿದ್ದ ಹಗ್ಗದ ಕುಣಿಕೆಯೊಳಕ್ಕೆ ತಾನಾಗಿ ತಲೆ ತೂರಿಸಿತು. ಅವನಿಗೆ ನಂಬಿಕೆಯೇ ಬರಲಿಲ್ಲ. ಬಗ್ಗಿ ಮುಂಗಾಲು ಸವರಿದ. ಗೊರಸು ಎದ್ದು ಅಂಗೈಯಲ್ಲಿ ಕೂತಿತು.

“ನಿನಗೋಸ್ಕರ ಕಲಿಸಿದ್ದಪ್ಪ ಅದು.” ಹೊಸ್ತಿಲ ಮೇಲೆ ಅತ್ತಿಗೆ ನಿಂತಿದ್ದಳು. “ಎಲ್ಲಾ ಬಲಗಡೆಯಿಂದ, ಎಡಗೈಯಲ್ಲೇ. ‘ನಾನಿಲ್ದೇ ಹೋದ್ರೆ ಇದೊಂದಾದ್ರೂ ಅವನ ಮಾತು ಕೇಳ್ಲಿ’ ಅಂತಿದ್ರು. ಎಡಗೈ ಓಡ್ದೆ ಎಷ್ಟು ಒದೆ ತಿಂದ್ರು ಅಂತೀಯಾ! ನೀನು ನೋಡಿದ್ರೆ ನಗ್ತೀಯ ಅಂತ ಕದ ಹಾಕ್ಕೋತಿದ್ರು.”

“ಎಂಥಾ ಮನುಷ್ಯನಪ್ಪಾ ದೊಡ್ಡೋನು!” ಎಂದು ಮಾಲೀಕ ಕಣ್ಣೊರೆಸಿಕೊಂಡ.

ತಮ್ಮನ ಹೊಟ್ಟೆ ಉರಿಯಿತು, ಹಿಂದೆಂದೂ ಉರಿಯದಷ್ಟು. ಹಜಾರದ ಕಡೆ ತಿರುಗಿ, “ಇದ್ರಲ್ಲೂ ನೀನೇ ಗೆದ್ಬಿಟ್ಯಲ್ಲಣ್ಣ!” ಎಂದ. ದನಿ ಒಡೆದಿತ್ತು.

ಮರಿಯನ್ನು ಗೋಡೆಯ ಪಕ್ಕಕ್ಕೆ ನಡೆಸಿಕೊಂಡು ಹೋಗಿ ದಾರಿ ಬಿಟ್ಟ. ನಾಲ್ವರು ಅಣ್ಣನನ್ನು ಹೊತ್ತು ಅಂಗಳಕ್ಕಿಳಿದರು. ಎಲ್ಲರ ಕಣ್ಣೂ ಆ ಕಡೆಗೇ ಹೋಯಿತು. ಅವನು ಮರಿಯ ಕುತ್ತಿಗೆಗೆ ಮುಖ ಒತ್ತಿ ಬಿಕ್ಕತೊಡಗಿದ. ಬಿಕ್ಕಿದಾಗಲೆಲ್ಲ ಎಡಗೈಯ ಹಗ್ಗ ಜಗ್ಗುತ್ತಿತ್ತು. ಮರಿ ಮಾತ್ರ ಒಂದು ಕಾಲೂ ಕದಲಿಸದೆ ನಿಂತೇ ಇತ್ತು.